ಪಿಕಪ್ ಕ್ಯಾಂಪಿಂಗ್‌ಗೂ ಬೇಕು, ಟ್ರೇಲರ್ ಎಳೆಯೋಕೂ ಬೇಕು: ಮೊದಲು ಏನು ಮಾಡಿಸಲಿ?

ಗಾಳಿಗುದುರೆ:

ಎಲ್ಲರಿಗೂ ನಮಸ್ಕಾರ. ನನ್ನದು ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಆಟೋಮ್ಯಾಟಿಕ್, ಫೋರ್ ಬೈ ಫೋರ್. ಎರಡು ವರ್ಷ ಸುಮ್ನೆ ಓಡಿಸಿದ್ದಾಯಿತು. ಈಗ ಮನೆಯವರನ್ನೆಲ್ಲ ಕರೆದುಕೊಂಡು, ರಸ್ತೆ ಮುಗಿದ ಮೇಲೂ ಮುಂದೆ ಹೋಗಿ, ಮೂರ್ನಾಲ್ಕು ರಾತ್ರಿ ಅಲ್ಲೇ ಉಳಿದು ಬರಬೇಕು ಅಂತ ಆಸೆ. ನಾವು ನಾಲ್ಕು ಜನ. ಹಿಂದೆ ಒಂದು ಚಿಕ್ಕ ಕ್ಯಾಂಪರ್ ಟ್ರೇಲರ್ ಇರುತ್ತದೆ, ಸಾಮಾನು ತುಂಬಿದರೆ ಸುಮಾರು 1400 ಕೆಜಿ.

ಕ್ಯಾನೊಪಿ (ಹಿಂದಿನ ತೊಟ್ಟಿಯ ಮೇಲಿನ ಮುಚ್ಚಿಗೆ) ಮತ್ತು ಡ್ರಾಯರ್ ಆಗಲೇ ಕೂರಿಸಿದ್ದೇನೆ. ಇನ್ನು ತಲೆಯಲ್ಲಿರೋದು: ಮುಂದೆ ಸ್ಟೀಲ್ ಬಂಪರ್, ವಿಂಚ್ (ಹಗ್ಗ ಸುತ್ತಿ ಸಿಕ್ಕಿಕೊಂಡ ಗಾಡಿ ಎಳೆಯೋ ಮೋಟಾರ್), ಎರಡು ಇಂಚು ಲಿಫ್ಟ್ (ಗಾಡಿಯನ್ನ ಅಷ್ಟು ಎತ್ತರಿಸೋದು), 285/70 ಆರ್ 17 ಮಡ್ ಟೈರ್, ಹೊಟ್ಟೆ ಕೆಳಗೆ ಸ್ಟೀಲ್ ಪ್ಲೇಟ್, ರೂಫ್‌ಟಾಪ್ ಟೆಂಟ್, ಸ್ನಾರ್ಕೆಲ್ (ಎಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯೋ ಕೊಳವೆ), ಫ್ರಿಜ್, ಎರಡನೇ ಬ್ಯಾಟರಿ, ನೀರಿನ ಟ್ಯಾಂಕ್. ಎಲ್ಲ ಒಟ್ಟಿಗೆ ಆಗಲ್ಲ, ಅದಕ್ಕೇ ಕೇಳ್ತಿದ್ದೇನೆ. ಗಾಡಿಯ ಹಿಂಭಾಗ ಈಗಲೇ ಸ್ವಲ್ಪ ಕೂತಂತೆ ಕಾಣುತ್ತದೆ. ಚಾಸಿಗೂ ಆಕ್ಸಲ್‌ಗೂ ಮಧ್ಯೆ ಏರ್ ಬ್ಯಾಗ್ (ಗಾಳಿ ತುಂಬಿದ ರಬ್ಬರ್ ಚೀಲ) ಹಾಕಿಸಿಬಿಡಿ, ಎದ್ದು ನಿಲ್ಲುತ್ತದೆ ಅಂತ ಒಬ್ಬರು ಹೇಳಿದರು. ಗಾಡಿಯ ಪುಸ್ತಕದಲ್ಲಿ 3500 ಕೆಜಿ ಎಳೆಯಬಹುದು ಅಂತಿದೆ, ಹಾಗಾಗಿ ಎಳೆಯೋ ವಿಷಯದಲ್ಲಿ ಚಿಂತೆ ಇಲ್ಲ ಅಂದುಕೊಂಡಿದ್ದೇನೆ.

ಕೆಸರುಗಾಲಿ:

ಮೊದಲು ಟೈರ್, ಜೊತೆಗೆ ಒಂದು ಒಳ್ಳೆ ಏರ್ ಕಂಪ್ರೆಸರ್. ಆದರೆ ಮಡ್ ಟೈರ್ ಬೇಡ ಗುರು. ಟ್ರೇಲರ್ ಕಟ್ಟಿಕೊಂಡು ನೀವು ಓಡಿಸೋದು ಮುಕ್ಕಾಲು ಪಾಲು ಡಾಂಬರು ರಸ್ತೆಯಲ್ಲೇ, ಅಲ್ವಾ? ಅಲ್ಲಿ ಮಡ್ ಟೈರ್ ದಿನವಿಡೀ ಗುಂಯ್ ಅನ್ನುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವೂ ಕಡಿಮೆ. ಗಟ್ಟಿ ಗೋಡೆಯ ಎಟಿ (ಆಲ್ ಟೆರೇನ್, ಡಾಂಬರಿಗೂ ಮಣ್ಣಿಗೂ ಆಗೋ) ಟೈರ್ ಸಾಕು, ಲೋಡ್ ಇಂಡೆಕ್ಸ್ (ಟೈರ್ ಹೊರುವ ಭಾರದ ಅಂಕಿ) ಮಾತ್ರ ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗೆ ಇಳಿಯಬಾರದು.

ಸೈಜೂ ಜಾಸ್ತಿಯಾಯಿತು. ಈಗಿರೋದು 265/65 ಆರ್ 17 ಆದರೆ ಅದರ ವ್ಯಾಸ ಸುಮಾರು 776 ಮಿ.ಮೀ., ನೀವು ಹೇಳ್ತಿರೋದು 831. ಶೇ. 7 ದೊಡ್ಡದು. ಅಂದರೆ ಮೀಟರ್ 100 ತೋರಿಸುವಾಗ ಗಾಡಿ ಅದಕ್ಕಿಂತ ಜೋರಾಗಿ ಹೋಗುತ್ತಿರುತ್ತದೆ, ಚಕ್ರಕ್ಕೆ ಸಿಗೋ ಎಳೆತ ಅಷ್ಟೇ ಕಡಿಮೆಯಾಗುತ್ತದೆ, ಟ್ರೇಲರ್ ಹಿಂದಿರುವಾಗ ಏರು ಹತ್ತಿಸಿ ನೋಡಿ, ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡಿ ನೆಲದಿಂದ ಸಿಗೋ ಎತ್ತರ ಅದರ ಅರ್ಧ, 27 ಮಿ.ಮೀ. 265/70 ಹಾಕಿ, 803 ಬರುತ್ತದೆ, ಯಾವ ತಲೆನೋವೂ ಇಲ್ಲ.

ಕಂಪ್ರೆಸರ್ ಯಾಕೆ ಅಂದರೆ, ಗಾಳಿ ಇಳಿಸೋದೇ ಅರ್ಧ ಆಫ್‌ರೋಡ್. ಡಾಂಬರಿನಲ್ಲಿ 38 ಪಿಎಸ್‌ಐ ಇದ್ದರೆ ಜಲ್ಲಿ ರಸ್ತೆಗೆ 28, ಮೆತ್ತನೆ ಮರಳಿಗೆ 18. ಟೈರ್ ಅಗಲವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಿಜಕ್ಕೂ ಅದು ಉದ್ದಕ್ಕೆ ನೆಲ ಹಿಡಿಯುತ್ತದೆ. ಟ್ರೇಲರ್ ಟೈರಿನದ್ದೂ ಇಳಿಸಿ, ಅದನ್ನ ಮರೆಯೋರೇ ಜಾಸ್ತಿ. ಗಾಳಿ ಕಡಿಮೆ ಇರುವಾಗ ಜೋರಾಗಿ ತಿರುಗಿಸಿದರೆ ಟೈರ್ ರಿಮ್ ಬಿಟ್ಟು ಬರುತ್ತದೆ, ಡಾಂಬರಿಗೆ ಹತ್ತುವ ಮೊದಲೇ ಮತ್ತೆ ತುಂಬಿಸಿ.

ಹಳೇ ಡೀಸೆಲ್:

ಟೈರ್ ವಿಷಯ ಒಪ್ಪಿದೆ. ಆದರೆ ಅದಕ್ಕೂ ಮೊದಲು ಗಾಡಿಯನ್ನ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. ಬಾಗಿಲ ಹತ್ತಿರದ ಸ್ಟಿಕ್ಕರ್ ಅಥವಾ ಪುಸ್ತಕ ನೋಡಿ ನಾಲ್ಕು ಅಂಕಿ ಹೇಳ್ತೀರಾ? ಖಾಲಿ ಗಾಡಿಯ ತೂಕ, ತುಂಬಿದ ಗಾಡಿಯ ಗರಿಷ್ಠ ತೂಕ, ಗಾಡಿ ಮತ್ತು ಟ್ರೇಲರ್ ಎರಡೂ ಸೇರಿ ಗರಿಷ್ಠ ತೂಕ, ಹಿಂದಿನ ಆಕ್ಸಲ್ ಮಿತಿ.

ಗಾಳಿಗುದುರೆ:

ಖಾಲಿ 2050, ತುಂಬಿ 3000, ಎರಡೂ ಸೇರಿ 5900, ಹಿಂದಿನ ಆಕ್ಸಲ್ 1850. ಅಂದರೆ 950 ಕೆಜಿ ಹೇರಬಹುದು, ಬೇಕಾದಷ್ಟಾಯಿತಲ್ಲ?

ಹಳೇ ಡೀಸೆಲ್:

ಬನ್ನಿ ಕೂಡಿಸೋಣ. ತೂಕ ಎಲ್ಲ ಅಂದಾಜು, ನಿಮ್ಮ ಸಾಮಾನಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗಬಹುದು. ನಾಲ್ಕು ಜನ 220. ಸ್ಟೀಲ್ ಬಂಪರ್, ವಿಂಚ್ ಸೇರಿ 90. ಕ್ಯಾನೊಪಿ 80. ರೂಫ್‌ಟಾಪ್ ಟೆಂಟ್ ಮತ್ತು ಅದಕ್ಕೆ ರ‍್ಯಾಕ್ 90. ಡ್ರಾಯರ್ ಮತ್ತು ತುಂಬಿದ ಫ್ರಿಜ್ 115. ಎರಡನೇ ಬ್ಯಾಟರಿ, ವೈರ್ 25. ನೀರು 60 ಲೀಟರ್ ಅಂದರೆ 60. ಟೂಲ್ಸ್, ಹಗ್ಗ, ಇನ್ನೊಂದು ಸ್ಟೆಪ್ನಿ 60. ಕೆಳಗಿನ ಪ್ಲೇಟ್ 50. ಎರಡು ಕ್ಯಾನ್ ಡೀಸೆಲ್ 35. ಇಲ್ಲಿಗೆ 825.

ಈಗ ಟ್ರೇಲರ್. ಅದು ಕೊಂಡಿ ಮೇಲೆ ಒತ್ತೋ ಭಾರವನ್ನ ಗಾಡಿಯೇ ಹೊರಬೇಕು, ಸಾಮಾನ್ಯವಾಗಿ ಟ್ರೇಲರ್ ತೂಕದ ಶೇ. 10ರ ಆಸುಪಾಸು. ನಿಮ್ಮದಕ್ಕೆ 140. ಒಟ್ಟು 965. ಬಟ್ಟೆ ಬರೆ, ಹಾಸಿಗೆ, ಪಾತ್ರೆ ಇನ್ನೂ ಹತ್ತೇ ಇಲ್ಲ, ಮಿತಿ ಆಗಲೇ ದಾಟಿದೆ.

ಆ 140 ಕೂಡ ಬರೀ 140 ಅಲ್ಲ. ಕೊಂಡಿ ಇರೋದು ಹಿಂದಿನ ಆಕ್ಸಲ್‌ನಿಂದ ಸುಮಾರು 1.2 ಮೀಟರ್ ಆಚೆ, ಎರಡು ಆಕ್ಸಲ್ ನಡುವೆ 3.1 ಮೀಟರ್ ಅಂತ ಇಟ್ಟುಕೊಳ್ಳಿ. ಏತದ ಲೆಕ್ಕ. ಹಿಂದಿನ ಆಕ್ಸಲ್ ಮೇಲೆ 194 ಕೆಜಿ ಬೀಳುತ್ತದೆ, ಮುಂದಿನ ಆಕ್ಸಲ್‌ನಿಂದ 54 ಎದ್ದುಹೋಗುತ್ತದೆ. ಸ್ಟೇರಿಂಗ್ ಹಗುರ ಆದಂತೆ ಅನಿಸೋದು, ಹೆಡ್‌ಲೈಟ್ ಮೇಲಕ್ಕೆ ಹೊಡೆಯೋದು ಇದಕ್ಕೇ.

3500 ಎಳೆಯುತ್ತದೆ ಅನ್ನೋದೂ ಪೂರ್ತಿ ನಿಜ ಅಲ್ಲ. ಗಾಡಿ 3000 ಇದ್ದರೆ 5900ರಲ್ಲಿ ಉಳಿಯೋದು 2900. ನಿಮ್ಮ ಟ್ರೇಲರ್‌ಗೆ ಧಾರಾಳ ಆಯಿತು, ಮುಂದೆ ದೊಡ್ಡ ಕ್ಯಾರವಾನ್ ಆಸೆ ಹುಟ್ಟಿದಾಗ ಮಾತ್ರ ಈ ಲೆಕ್ಕ ನೆನಪಿರಲಿ.

ಡೊಂಕುಚಾಸಿ:

ನನ್ನ ಹೆಸರು ನೋಡಿ ನಗಬೇಡಿ, ಅನುಭವದಿಂದ ಬಂದಿದ್ದು. ಏರ್ ಬ್ಯಾಗ್ ಬಗ್ಗೆ ಹೇಳಲೇಬೇಕು.

ನನ್ನದೂ ಡಬಲ್ ಕ್ಯಾಬ್. ಹಿಂಭಾಗ ಕುಗ್ಗಿತು ಅಂತ ಏರ್ ಬ್ಯಾಗ್ ಹಾಕಿಸಿದೆ, ಗಾಡಿ ನೆಟ್ಟಗಾಯಿತು, ನಾನೂ ಖುಷಿಯಾಗಿ ಇನ್ನಷ್ಟು ತುಂಬಿದೆ. ಎರಡನೇ ಸ್ಟೆಪ್ನಿ ಹಿಂದೆ ನೇತು ಹಾಕಿದೆ, ನೀರಿನ ಟ್ಯಾಂಕ್ ಡ್ರಾಯರ್ ಹಿಂಬದಿ, ಕೊಂಡಿ ಮೇಲೆ 250ಕ್ಕಿಂತ ಜಾಸ್ತಿ. ಕೊರಕಲು ರಸ್ತೆಯಲ್ಲಿ ಎರಡು ದಿನ ಓಡಿಸಿದ ಮೇಲೆ ಗಾಡಿ ತೊಳೆಯುವಾಗ ಕಣ್ಣಿಗೆ ಬಿತ್ತು. ಕ್ಯಾಬಿಗೂ ಹಿಂದಿನ ತೊಟ್ಟಿಗೂ ನಡುವಿನ ಸಂದಿ ಮೇಲೆ ಎರಡು ಬೆರಳು ಹೋಗುವಷ್ಟು, ಕೆಳಗೆ ಒಂದೇ ಬೆರಳು. ಮೊದಲು ಒಂದೇ ಸಮ ಇತ್ತು. ಕೆಳಗೆ ಮಲಗಿ ನೋಡಿದರೆ ಕ್ಯಾಬ್ ಹಿಂದೆ ಚಾಸಿಯ ಬಣ್ಣ ಎದ್ದಿತ್ತು, ಲೋಹದಲ್ಲಿ ಇಸ್ತ್ರಿ ಮಡಿಕೆಯ ಹಾಗೆ ಒಂದು ಗೆರೆ.

ಆಮೇಲೆ ಅರ್ಥವಾಯಿತು. ಲೀಫ್ ಸ್ಪ್ರಿಂಗ್ (ಪಟ್ಟಿ ಪಟ್ಟಿ ಜೋಡಿಸಿದ ಹಿಂದಿನ ಸ್ಪ್ರಿಂಗ್) ತನ್ನ ಭಾರವನ್ನ ಚಾಸಿಯ ಎರಡು ಕಡೆ, ಮುಂದೆ ಒಂದು ಹಿಂದೆ ಒಂದು ತುದಿಯಲ್ಲಿ ಹೊರುತ್ತದೆ. ಏರ್ ಬ್ಯಾಗ್ ನಡುವೆ ಒಂದೇ ಜಾಗದಲ್ಲಿ ಮೇಲಕ್ಕೆ ತಳ್ಳುತ್ತದೆ. ಹಿಂದೆ ಕೊಂಡಿ ಕೆಳಕ್ಕೆ ಜಗ್ಗುತ್ತಿರುತ್ತದೆ. ಮೊಣಕಾಲಿಗೆ ಇಟ್ಟು ಕಟ್ಟಿಗೆ ಮುರಿದಂತೆ. ಹದವಾಗಿ ಬಳಸಿ ಏನೂ ಆಗದವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಪ್ಪು, ಗಾಡಿ ನೆಟ್ಟಗೆ ನಿಂತಿದೆ ಅಂದರೆ ಭಾರ ಕಡಿಮೆಯಾಗಿದೆ ಅಂದುಕೊಂಡಿದ್ದು. ನಿಮಗೆ ಹಿಂಭಾಗ ಎತ್ತಬೇಕಿದ್ದರೆ ನೀವು ಯಾವಾಗಲೂ ಹೊರುವ ತೂಕಕ್ಕೆ ಅಂತಲೇ ಮಾಡಿದ ಲೀಫ್ ಹಾಕಿಸಿ, ಭಾರದ ಸಾಮಾನನ್ನ ಕ್ಯಾಬ್ ಗೋಡೆಗೆ ತಾಗಿಸಿ ಇಡಿ.

ಕೆಸರುಗಾಲಿ:

ಅಬ್ಬಾ, ಮೊಣಕಾಲಿನ ಉಪಮೆ ಚೆನ್ನಾಗಿದೆ, ಫೋಟೋ ಇದ್ದರೆ ಹಾಕಿ.

ಲಿಫ್ಟ್ ಬಗ್ಗೆ ಒಂದು ಮಾತು. 40-50 ಮಿ.ಮೀ. ದಾಟಬೇಡಿ. ಮುಂದಿನ ಡ್ರೈವ್ ಶಾಫ್ಟ್ ಕೋನ ಜಾಸ್ತಿಯಾದಷ್ಟೂ ಸಿವಿ ಜಾಯಿಂಟ್ (ಶಾಫ್ಟ್ ಬಾಗಿದ್ದರೂ ಚಕ್ರ ತಿರುಗಿಸೋ ಕೀಲು) ಬೇಗ ಹೋಗುತ್ತದೆ. ಲಿಫ್ಟ್ ಆದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ, ಮೇಲಿನ ಕಂಟ್ರೋಲ್ ಆರ್ಮ್ ಬದಲಿಸದೆ ಕ್ಯಾಸ್ಟರ್ (ಸ್ಟೇರಿಂಗ್ ನೇರ ನಿಲ್ಲಿಸೋ ಮುಂದಿನ ಚಕ್ರದ ಕೋನ) ಸರಿಯಾಗಿ ಸಿಗದೇ ಇರಬಹುದು. ಇನ್ನೊಂದು, ಟ್ರೇಲರ್ ಕೂರಿಸೋ ಟೋ ಬಾಲ್‌ಗೆ ಸ್ಟ್ರ್ಯಾಪ್ ಕಟ್ಟಿ ಸಿಕ್ಕಿಕೊಂಡ ಗಾಡಿಯನ್ನ ಯಾವತ್ತೂ ಎಳೆಯಬೇಡಿ. ಅದು ಕಿತ್ತು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ. ರೇಟಿಂಗ್ ಇರುವ ರಿಕವರಿ ಪಾಯಿಂಟ್ (ಎಳೆಯೋಕೆ ಅಂತಲೇ ಚಾಸಿಗೆ ಕೂರಿಸೋ ಕೊಕ್ಕೆ) ಹಾಕಿಸಿ, ವಿಂಚ್‌ಗಿಂತ ಮೊದಲು ಅದು. ಒಂದು ಜೊತೆ ರಿಕವರಿ ಬೋರ್ಡ್ (ಸಿಕ್ಕಿಕೊಂಡ ಚಕ್ರದ ಕೆಳಗೆ ಇಡೋ ಹಲಗೆ), ಒಂದು ಸಲಿಕೆ ಇದ್ದರೆ ನಿಮಗೆ ವಿಂಚ್ ಬೇಕಾಗೋದೇ ಅಪರೂಪ.

ತಂತಿಮಾಮ:

ಫ್ರಿಜ್ ವಿಷಯ ಯಾರೂ ಎತ್ತಲಿಲ್ಲ. 12 ವೋಲ್ಟ್ ಕಂಪ್ರೆಸರ್ ಫ್ರಿಜ್ ದಿನಕ್ಕೆ 30ರಿಂದ 50 ಆಂಪಿಯರ್ ಅವರ್ ಕುಡಿಯುತ್ತದೆ, ಸೆಖೆಯಲ್ಲಿ ಇನ್ನೂ ಜಾಸ್ತಿ. 100ರ ಲೆಡ್ ಬ್ಯಾಟರಿ ಅಂದರೆ ಅದರ ಆಯಸ್ಸು ಉಳಿಯಬೇಕಾದರೆ ಅರ್ಧ ಮಾತ್ರ ಬಳಸಬಹುದು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 80ರವರೆಗೂ ಎಳೆಯಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ತೂಕದ ಮಾತೇ ನಡೀತಿರೋದರಿಂದ ಹೇಳಿದೆ. ಎಂಜಿನ್ ಪಕ್ಕದ ಬಿಸಿಯಲ್ಲಿ ಮಾತ್ರ ಲಿಥಿಯಂ ಇಡಬೇಡಿ.

ಹೊಸ ಗಾಡಿಗಳಲ್ಲಿ ಬ್ಯಾಟರಿ ತುಂಬೋ ಆಲ್ಟರ್ನೇಟರ್ ತನಗೆ ಬೇಕಾದಾಗ ವೋಲ್ಟೇಜ್ ಇಳಿಸಿಬಿಡುತ್ತದೆ, ಅದಕ್ಕೆ ಬರೀ ರಿಲೇ ಹಾಕಿದರೆ ಎರಡನೇ ಬ್ಯಾಟರಿ ಯಾವತ್ತೂ ತುಂಬಲ್ಲ. ವೋಲ್ಟೇಜ್ ಏರಿಸಿ ತುಂಬೋ ಡಿಸಿ-ಡಿಸಿ ಚಾರ್ಜರ್ ಹಾಕಿ. ದಪ್ಪ ವೈರ್ ಎಳೆಯಿರಿ, ಫ್ಯೂಸ್ ಬ್ಯಾಟರಿಯಿಂದ ಗೇಣುದ್ದದೊಳಗೆ ಇರಲಿ. ಫ್ರಿಜ್ ರಾತ್ರಿ ತಾನೇ ಆಫ್ ಆಗುತ್ತದೆ ಅಂತ ಬರುವವರಲ್ಲಿ ಬಹಳ ಜನರಿಗೆ ಬ್ಯಾಟರಿ ಸರಿಯಾಗೇ ಇರುತ್ತದೆ, ವೈರ್ ನೂಲಿನ ಹಾಗಿರುತ್ತದೆ. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಬ್ರೇಕ್ ಕಂಟ್ರೋಲರ್ (ಗಾಡಿಯೊಳಗಿಂದ ಟ್ರೇಲರ್ ಬ್ರೇಕ್ ಹಿಡಿಯೋ ಸಾಧನ) ಕೂಡ ಈಗಲೇ ಹಾಕಿಸಿ, ಒಂದೇ ಸಲ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಸಾಕು.

ಗಾಳಿಗುದುರೆ:

ನಿನ್ನೆ ತೂಗಿಸಿ ಬಂದೆ. ಟ್ಯಾಂಕ್ ತುಂಬ ಡೀಸೆಲ್, ನಾವು ನಾಲ್ವರೂ ಒಳಗೆ, ಫ್ರಿಜ್ ಕೂಡ ಹೇರಿಕೊಂಡು, ಟ್ರೇಲರ್ ಇಲ್ಲದೆ. ಮುಂದೆ 1180, ಹಿಂದೆ 1410, ಒಟ್ಟು 2590. ಇನ್ನೂ ಬಂಪರ್ ಇಲ್ಲ, ಟೆಂಟ್ ಇಲ್ಲ, ನೀರಿಲ್ಲ! ನನ್ನ ಲೆಕ್ಕಕ್ಕಿಂತ ಸುಮಾರು 80 ಜಾಸ್ತಿ. ಮನೆಗೆ ಬಂದು ಡ್ರಾಯರ್ ಎಲ್ಲ ಕೆಳಗೆ ಇಳಿಸಿದೆ. ಎರಡು ಜಾಕ್ ಇತ್ತು, ಯಾವ ಕಾಲದ್ದೋ ಕಬ್ಬಿಣದ ಸರಪಳಿ, ಮಡಚೋ ಕಬ್ಬಿಣದ ಮೇಜು, ಮನೆ ಕೆಲಸಕ್ಕೆ ತಂದು ಮರೆತಿದ್ದ ಅರ್ಧ ಡಬ್ಬ ಟೈಲ್ಸ್. ಟೈಲ್ಸ್ ಎರಡು ವರ್ಷದಿಂದ ನಮ್ಮ ಜೊತೆ ತಿರುಗಾಡುತ್ತಿದೆ. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ನೋಡಿದಳು ಅಷ್ಟೆ. 60 ಕೆಜಿ ಹಾಗೇ ಇಳಿಯಿತು.

ಈಗ 2530, ಟ್ರೇಲರ್ ಕೊಂಡಿಗೆ 140 ತೆಗೆದರೆ ಉಳಿಯೋದು 330. ಹಾಗಾಗಿ ಸ್ಟೀಲ್ ಪ್ಲೇಟ್ ಬೇಡ, ರೂಫ್‌ಟಾಪ್ ಟೆಂಟ್ ಬೇಡ, ಮಲಗೋಕೆ ಟ್ರೇಲರ್ ಇದೆಯಲ್ಲ, ಎರಡೆರಡು ಯಾಕೆ. ವಿಂಚ್ ಸದ್ಯಕ್ಕೆ ಮುಂದಕ್ಕೆ. 265/70 ಎಟಿ ಟೈರ್, ಕಂಪ್ರೆಸರ್, ರಿಕವರಿ ಪಾಯಿಂಟ್, ತೂಕಕ್ಕೆ ತಕ್ಕ ಲೀಫ್, ಬ್ರೇಕ್ ಕಂಟ್ರೋಲರ್, ಲಿಥಿಯಂ ಬ್ಯಾಟರಿ. ಸ್ನಾರ್ಕೆಲ್ ಬಗ್ಗೆ ಏನಂತೀರಿ? ಮತ್ತೆ ಕೊಂಡಿ ಮೇಲಿನ ಭಾರ ತೂಗೋದು ಹೇಗೆ, 140 ಅನ್ನೋದು ಅಂದಾಜಲ್ವಾ?

ಹಳೇ ಡೀಸೆಲ್:

ಟೈಲ್ಸ್ ಎಷ್ಟು ಅಡಿ ಮಾರೋಕಿದೆ ಹೇಳಿ :)

ಸ್ನಾರ್ಕೆಲ್ ನಂತರ ನೋಡೋಣ. ನೀರು ದಾಟುವವರು ಮೊದಲು ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಉಸಿರಾಡೋ ಬ್ರೀದರ್ ಪೈಪನ್ನ ಎತ್ತರಕ್ಕೆ ಎಳೆಸಬೇಕು. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಅದೇ ಕಥೆ. ಆಟೋಮ್ಯಾಟಿಕ್ ಆದ್ದರಿಂದ ಗೇರ್‌ಬಾಕ್ಸ್ ಆಯಿಲ್ ಬಿಸಿ ಎಷ್ಟಿದೆ ಅಂತ ತೋರಿಸೋ ಮೀಟರ್ ಇದ್ದರೆ ಒಳ್ಳೆಯದು, ಉದ್ದ ಏರಿನಲ್ಲಿ ಟ್ರೇಲರ್ ಜೊತೆ ಅದು ಬೇಗ ಕಾಯುತ್ತದೆ.

ಕೊಂಡಿ ಭಾರಕ್ಕೆ, ಟ್ರೇಲರ್ ಚಕ್ರ ವೇ ಬ್ರಿಡ್ಜ್‌ನಿಂದ ಆಚೆ ನೆಲದ ಮೇಲೆ ಇರಲಿ, ಟ್ರೇಲರ್ ಸಮತಟ್ಟಾಗಿ ನಿಲ್ಲುವಂತೆ ಮುಂದಿನ ಜಾಕಿ ವೀಲ್ (ಬಿಚ್ಚಿದ ಟ್ರೇಲರ್ ಮೂತಿ ಹೊರುವ ಚಿಕ್ಕ ಚಕ್ರ) ಮಾತ್ರ ಬ್ರಿಡ್ಜ್ ಮೇಲೆ ಬರಲಿ. ಗಾಡಿಯಿಂದ ಬಿಚ್ಚಿ, ಟ್ರೇಲರ್ ಚಕ್ರಕ್ಕೆ ಕಲ್ಲು ಕೊಟ್ಟು ಓದಿಸಿ. ಜಾಕಿ ವೀಲ್ ಕೊಂಡಿಗಿಂತ ಸ್ವಲ್ಪ ಹಿಂದೆ ಇರೋದರಿಂದ ಅಂಕಿ ಕೊಂಚ ಜಾಸ್ತಿ ಬರುತ್ತದೆ, ಪರವಾಗಿಲ್ಲ. ತೀರಾ ಕಡಿಮೆ ಬಂದರೂ ಖುಷಿಪಡಬೇಡಿ, ಮುಂದೆ ಭಾರ ಸಾಲದ ಟ್ರೇಲರ್ ವೇಗದಲ್ಲಿ ಬಾಲ ಅಲ್ಲಾಡಿಸುತ್ತದೆ. ಹಾಗೆ ಶುರುವಾದರೆ ಗಾಡಿಯ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಕೈಯಲ್ಲಿ ಒತ್ತಿ.

ಟ್ರೇಲರ್‌ನಲ್ಲಿ ನೀರಿನ ಟ್ಯಾಂಕ್ ಇದ್ದರೆ ಒಂದು ಸಲ ತುಂಬಿಸಿ, ಒಂದು ಸಲ ಖಾಲಿ ಮಾಡಿ ತೂಗಿ. ಟ್ಯಾಂಕ್ ಚಕ್ರದ ಹಿಂದೆ ಇದ್ದರೆ ಎರಡೂ ಅಂಕಿ ಇಲ್ಲಿ ಹಾಕಿ, ನೋಡೋಣ.