ಕನ್ನಡಿಯ ಮುಂದೆ ಹೆಜ್ಜೆ ತಪ್ಪುತ್ತದೆ, ಅಡುಗೆಮನೆಯಲ್ಲಿ ತಪ್ಪುವುದಿಲ್ಲ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 34 ವರ್ಷ. ಮದುವೆಗೆ ಮುಂಚೆ ಹನ್ನೆರಡು ವರ್ಷ ಭರತನಾಟ್ಯ ಕಲಿತವಳು. ಹೆರಿಗೆಯಾಗಿ ಒಂದೂವರೆ ವರ್ಷಕ್ಕೆ ಮತ್ತೆ ತರಗತಿಗೆ ಸೇರಿದ್ದೇನೆ. ತೂಕ 14 ಕಿಲೋ ಹೆಚ್ಚಿದೆ. ಅಲ್ಲಿ ಗೋಡೆಯುದ್ದ ಕನ್ನಡಿ. ಅರೆಮಂಡಿ (ಮಂಡಿ ಬಾಗಿಸಿ ಅರ್ಧ ಕೂರುವ ಭಂಗಿ) ಹಾಕಿದೊಡನೆ ಕಣ್ಣು ಹೊಟ್ಟೆಯ ಮೇಲೆಯೇ ನಿಲ್ಲುತ್ತದೆ. ತಟ್ಟಡವು (ಪಾದ ತಟ್ಟುವ ಮೂಲ ಹೆಜ್ಜೆ) ಎರಡನೆಯ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ, ಬರುವಷ್ಟರಲ್ಲಿ ಹೆಜ್ಜೆ ತಪ್ಪುತ್ತದೆ. ಯಾರದೋ ಕಾಲನ್ನು ಎತ್ತಿ ಇಡುತ್ತಿದ್ದೇನೆ ಅನಿಸುತ್ತದೆ. ಮಗು ಮಲಗಿದ ಮೇಲೆ ಅಡುಗೆಮನೆಯಲ್ಲಿ ಅದೇ ಅಡವು ಸರಾಗವಾಗಿ ಬರುತ್ತದೆ. ಕೆಟ್ಟಿರುವುದು ಮೈಯೋ, ಮನಸ್ಸೋ?

ಉತ್ತರ (ಫಿಸಿಯೋಥೆರಪಿಸ್ಟ್): ಎರಡೂ ಕೆಟ್ಟಿಲ್ಲ, ತಾಯಿ. ಅಡುಗೆಮನೆಯ ಸಂಗತಿ ಬರೆದದ್ದು ಒಳ್ಳೆಯದಾಯಿತು. ಅಡವು ಮರೆತ ಕಾಲಿಗೆ ಅಲ್ಲಿಯೂ ಅದು ಬರುತ್ತಿರಲಿಲ್ಲ.

ನಮ್ಮ ಮೈ ನಮಗೆ ಎರಡು ಬಗೆಯಲ್ಲಿ ಗೊತ್ತು. ನಾನು ಹೇಗೆ ಕಾಣುತ್ತೇನೆ ಎಂಬುದು ಒಂದು. ಕೈಕಾಲು ಈಗ ಎಲ್ಲಿವೆ, ಎಷ್ಟು ಚಾಚುತ್ತವೆ ಎಂಬ ಒಳಲೆಕ್ಕ ಇನ್ನೊಂದು. ಕರೆಂಟು ಹೋದಾಗಲೂ ತುತ್ತು ಬಾಯಿಗೇ ಹೋಗುವುದು ಈ ಲೆಕ್ಕದಿಂದ. ಕಾಲೆತ್ತುವ ಆಜ್ಞೆ ಕೊಡುವಾಗಲೇ ಮಿದುಳು, ಪಾದ ನೆಲ ತಟ್ಟಿದಾಗ ಹೇಗಿರಬೇಕೆಂದು ಊಹಿಸಿಟ್ಟುಕೊಳ್ಳುತ್ತದೆ. ಊಹೆಗೆ ಅನುಭವ ತಾಳೆಯಾದರೆ ‘ಇದು ನಾನು ಇಟ್ಟ ಹೆಜ್ಜೆ’ ಎನಿಸುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಈ ಮುನ್ನೂಹೆಯಿಂದಲೇ.

ಬಸುರಿನ ನಂತರ ಹೊಟ್ಟೆಯ ಸ್ನಾಯುಗಳ ಹಿಡಿತ, ಮೈಯ ಭಾರ ಎರಡೂ ಬದಲಾಗಿವೆ. ಹಳೆಯ ಊಹೆ ಸ್ವಲ್ಪ ತಪ್ಪುತ್ತದೆ, ಅಭ್ಯಾಸದಿಂದ ತಿದ್ದಿಕೊಳ್ಳುತ್ತದೆ. ನನಗೆ ಹೆಚ್ಚು ಚಿಂತೆಯಿರುವುದು ಕನ್ನಡಿಯ ಬಗ್ಗೆ. ಅದು ನಿಮ್ಮ ಗಮನವನ್ನು ಪಾದದಿಂದ ಕಿತ್ತು ಹೊಟ್ಟೆಗೆ ಅಂಟಿಸುತ್ತಿದೆ. ನಿಮ್ಮನ್ನು ನೀವೇ ಹೊರಗಿನವರಂತೆ ನೋಡುತ್ತಾ ಕುಣಿಯುತ್ತಿದ್ದೀರಿ.

ಕಾಣುವ ರೂಪದ ಭಾವನೆ ಚಲನೆಗೂ ಇಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ) ಇರುವ ಹೆಣ್ಣುಮಕ್ಕಳನ್ನು ಬೇರೆ ಕೆಲಸದ ನೆಪದಲ್ಲಿ ಬಾಗಿಲಿನಂಥ ಕಿಂಡಿಗಳ ಮೂಲಕ ನಡೆಸಿದರು. ಇತರರು ಹೆಗಲಿಗಿಂತ ಶೇ. 25ರಷ್ಟು ಹೆಚ್ಚು ಅಗಲದ ಕಿಂಡಿಯಲ್ಲಿ ಮೈ ಓರೆ ಮಾಡತೊಡಗಿದರೆ, ಇವರು ಶೇ. 40ರಷ್ಟು ಹೆಚ್ಚು ಅಗಲವಿದ್ದಾಗಲೇ ಓರೆಯಾದರು. ತಾವು ದಪ್ಪ ಎಂಬ ನಂಬಿಕೆ ನಡಿಗೆಯಲ್ಲೇ ಕೂತಿತ್ತು. ನಿಮಗೆ ಆ ಕಾಯಿಲೆ ಇದೆ ಎನ್ನುತ್ತಿಲ್ಲ. ಆದರೆ ಊಟ ಬಿಡಲು ಶುರುಮಾಡಿದ್ದರೆ ದಯವಿಟ್ಟು ಮನೋವೈದ್ಯರನ್ನು ಕಾಣಿ.

ಒಂದು ತಿಂಗಳು ಕನ್ನಡಿಗೆ ಬೆನ್ನು ಹಾಕಿ ಅಭ್ಯಾಸ ಮಾಡಿ. ಹೊಟ್ಟೆ, ಮಂಡಿ ಯಾವುದನ್ನೂ ಗಮನಿಸಬೇಡಿ. ಪಾದದ ಸದ್ದು ತಟ್ಟುಕಳಿಯ (ಗುರುಗಳು ತಾಳ ಹಾಕುವ ಕೋಲಿನ) ಸದ್ದಿನ ಜೊತೆ ಬೀಳುತ್ತಿದೆಯೇ ಎಂದಷ್ಟೇ ಕೇಳಿಸಿಕೊಳ್ಳಿ. ಕಾಲು ಜೋಮು ಹಿಡಿದರೆ, ಒಂದೇ ಬದಿ ಸೋತರೆ ಮಾತ್ರ ತಿಂಗಳು ಮುಗಿಯಲೆಂದು ಕಾಯದೆ ನರರೋಗ ತಜ್ಞರ ಬಳಿ ಹೋಗಿ.

ಇನ್ನೊಬ್ಬ ಸದಸ್ಯೆ: ನಾನು ನೃತ್ಯ ಕಲಿಸುತ್ತೇನೆ. ಅಂಗಶುದ್ಧಿಗೆ, ಅಂದರೆ ಭಂಗಿ ಸರಿಯಾಗಿ ಮೂಡಲು, ಕನ್ನಡಿ ಬೇಡವೇ?

ಉತ್ತರ: ಬೇಕು ಮೇಡಂ. ಕೈಯ ರೇಖೆ ತಿದ್ದಲು ಐದು ನಿಮಿಷ ನೋಡಲಿ. ಇಡೀ ತರಗತಿ ನೋಡುತ್ತಿದ್ದರೆ ಕಣ್ಣು ಹೇಳಿದ್ದನ್ನಷ್ಟೇ ಮೈ ನಂಬುತ್ತದೆ.

ಪ್ರಶ್ನೆ ಕೇಳಿದವರು: ಡಾಕ್ಟರೇ, ನಿನ್ನೆ ಕೊನೆಯ ಸಾಲಿನಲ್ಲಿ ಕನ್ನಡಿಗೆ ಬೆನ್ನು ಹಾಕಿ ನಿಂತಿದ್ದೆ. ಮೂರನೆಯ ಕಾಲದಲ್ಲಿ ತಪ್ಪಿತು. ಆದರೆ ತಪ್ಪಿದ್ದು ನನಗೆ ಕಾಲಿನಲ್ಲೇ ತಿಳಿಯಿತು. ಇನ್ನೊಂದು ಮಾತು, ಕೇಳಲು ಸಂಕೋಚ. ಕುದಿತ (ಹಾರಿ ಮೆಟ್ಟುವ ಅಡವು) ಮಾಡುವಾಗ ಮೂತ್ರ ಹನಿಯುತ್ತದೆ.

ಉತ್ತರ: ಸಂಕೋಚ ಬೇಡ, ಹೆರಿಗೆಯ ನಂತರ ಬಹಳ ಮಂದಿಗೆ ಹೀಗಾಗುತ್ತದೆ, ಚಿಕಿತ್ಸೆಯೂ ಇದೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಮಹಿಳಾ ಫಿಸಿಯೋಥೆರಪಿಸ್ಟ್ ಒಬ್ಬರಿಂದ ಪರೀಕ್ಷಿಸಿಕೊಳ್ಳಿ. ಅಲ್ಲಿಯವರೆಗೆ ಕುದಿತ ನಿಲ್ಲಿಸಿ, ತಟ್ಟಡವು ಮುಂದುವರಿಯಲಿ.