ಪಾವಗಡದ ಬಿಸಿಲನ್ನ ಸಂಜೆಗೆ ಎತ್ತಿಡೋಕಾಗಲ್ವಾ?

ವಿಜಯನಗರವಾಸಿ:
ಹೋದ ವಾರ ನೆಂಟರ ಮನೆ ಗೃಹಪ್ರವೇಶಕ್ಕೆ ಪಾವಗಡದ ಕಡೆ ಹೋಗಿದ್ವಿ. ಆ ಸೋಲಾರ್ ಪಾರ್ಕ್ ನೋಡಿ ದಂಗಾಗ್ಬಿಟ್ಟೆ, ಸುಮಾರು 13 ಸಾವಿರ ಎಕರೆ, 2050 ಮೆಗಾವ್ಯಾಟ್, ಎತ್ತ ತಿರುಗಿದ್ರೂ ಪ್ಯಾನೆಲ್ಲೇ. ಸಂಜೆ ಏಳೂವರೆಗೆ ಬೆಂಗಳೂರಿಗೆ ಬಂದು ಬಾಗಿಲು ತೆಗೀತೀವಿ, ಕರೆಂಟಿಲ್ಲ. ಮಧ್ಯಾಹ್ನ ಅಷ್ಟೊಂದು ಬರುತ್ತಲ್ಲಪ್ಪಾ ಅದನ್ನ ಎತ್ತಿಟ್ಕೊಬಾರ್ದಾ ಅಂತ ಮಗಳು ಕೇಳಿದ್ಳು, ನನಗೆ ಉತ್ತರ ಹೊಳೀಲಿಲ್ಲ. ಮನೆ ಯುಪಿಎಸ್ ಥರ ಊರಿಗೇ ಒಂದು ಬ್ಯಾಟರಿ ಯಾಕಿಡಲ್ಲ? ಇನ್ನೊಂದು, ಎದುರುಮನೆಯವರು ತಾರಸಿ ಮೇಲೆ ಸೋಲಾರ್ ಹಾಕ್ಸಿದಾರೆ, ಹಗಲಲ್ಲಿ ಕರೆಂಟ್ ಹೋದ್ರೆ ಅವರಿಗೂ ಇರಲ್ಲ, ಅದ್ಯಾಕೆ?

ಲೈನ್‌ಮ್ಯಾನ್ ಮಗ:
ಮೊದ್ಲು ಒಂದು ಮಾತು ಸಾರ್, ಏಳೂವರೆಗೆ ಹೋಗಿದ್ದು ಬಹುಶಃ ಕೊಂಬೆ ಬಿದ್ದೋ ಬೀದಿ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗಿಯೋ ಇರಬೇಕು, ಅಂಥದ್ದಕ್ಕೆ ಪಾವಗಡದಲ್ಲಿ ಎಷ್ಟು ಬ್ಯಾಟರಿ ಇಟ್ರೂ ಉಪಯೋಗ ಇಲ್ಲ. ಆದ್ರೆ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಗ್ರಿಡ್‌ನಲ್ಲಿ, ಅಂದ್ರೆ ಊರೂರಿಗೆ ಕರೆಂಟ್ ಹಂಚೋ ಲೈನ್‌ಗಳ ಜಾಲದಲ್ಲಿ, ಕರೆಂಟ್ ಶೇಖರಣೆ ಆಗಿ ಕೂರಲ್ಲ, ಆ ಕ್ಷಣ ಖರ್ಚಾಗೋದಷ್ಟನ್ನೇ ಆ ಕ್ಷಣ ತಯಾರಿಸ್ಬೇಕು, ಕಮ್ಮಿ ಬಿದ್ರೆ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತೆ ಅನ್ನೋದು) 50 ಹರ್ಟ್ಸ್‌ನಿಂದ ಇಳಿಯುತ್ತೆ. ಸಂಜೆ ಪಾವಗಡ ಸೊನ್ನೆಗೆ ಬರೋ ಹೊತ್ತಿಗೇ ಇಲ್ಲಿ ಎಲ್ಲರ ಮನೆ ಲೈಟು, ಮಿಕ್ಸಿ, ಟಿವಿ ಶುರು. ಆ ಗ್ಯಾಪ್ ತುಂಬೋಕೆ ಶರಾವತಿ ಜಲವಿದ್ಯುತ್ ಕೇಂದ್ರದ 1035 ಮೆಗಾವ್ಯಾಟ್ ದೊಡ್ಡ ಆಸರೆ, ಕೆಲವೇ ನಿಮಿಷದಲ್ಲಿ ಟರ್ಬೈನ್ ತಿರುಗಿಸ್ಬಹುದು, ಆದ್ರೆ ಡ್ಯಾಮಲ್ಲಿ ನೀರಿರ್ಬೇಕಲ್ಲ.

ಬ್ಯಾಟರಿ ಲೆಕ್ಕದಲ್ಲಿ ಮೆಗಾವ್ಯಾಟ್ ಅಂದ್ರೆ ನಲ್ಲಿ ಎಷ್ಟು ದಪ್ಪ ಅಂತ, ಮೆಗಾವ್ಯಾಟ್ ಅವರ್ ಅಂದ್ರೆ ಟ್ಯಾಂಕ್ ಎಷ್ಟು ದೊಡ್ಡದು ಅಂತ. 2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ ಇಟ್ಟ ಬ್ಯಾಟರಿ 100 ಮೆಗಾವ್ಯಾಟ್, 129 ಮೆಗಾವ್ಯಾಟ್ ಅವರ್, ಫುಲ್ ಬಿಟ್ರೆ ಒಂದೂಕಾಲು ಗಂಟೆಗೆ ಖಾಲಿ. ಆದ್ರೂ ಫ್ರೀಕ್ವೆನ್ಸಿ ಜಾರಿದಾಗ ಕಣ್ಣು ಮಿಟುಕಿಸೋದ್ರೊಳಗೆ ಹಿಡಿಯುತ್ತೆ, ಅದರ ನಿಜವಾದ ಬೆಲೆ ಅಲ್ಲೇ.

ಎದುರುಮನೆಯವರದ್ದು ಆನ್-ಗ್ರಿಡ್ ಇನ್ವರ್ಟರ್, ಅಂದ್ರೆ ಬೀದಿ ಲೈನ್‌ಗೇ ಜೋಡಿಸಿರೋದು. ಲೈನ್ ಸತ್ತಾಗ ಅದೂ ಆಫ್ ಆಗ್ಲೇಬೇಕು, ಇಲ್ದಿದ್ರೆ ಕಂಬದ ಮೇಲಿರೋ ಲೈನ್‌ಮ್ಯಾನ್‌ಗೆ ಹೊಡೆಯುತ್ತೆ. ನಮ್ಮಪ್ಪ ಕಂಬ ಹತ್ತಿದವರು, ದಯವಿಟ್ಟು ಅದನ್ನ ಯಾರೂ ಬೈಪಾಸ್ ಮಾಡಿಸ್ಬೇಡಿ.

ಸಾಗರದ ಹುಡುಗಿ:
ಶರಾವತಿ ಹೆಸರು ಬಂತಲ್ಲ, ಅದಕ್ಕೆ ಬರೀತಿದೀನಿ. ಅಲ್ಲಿ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಮಾಡೋ ಯೋಜನೆ ಇದೆ. ನಮ್ಮ ಮನೆ ಸಂಪು, ಓವರ್‌ಹೆಡ್ ಟ್ಯಾಂಕ್ ಇದ್ದ ಹಾಗೇ, ಕರೆಂಟ್ ಜಾಸ್ತಿ ಇದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರು ಹತ್ತಿಸೋದು, ಬೇಕಾದಾಗ ಇಳಿಸೋದು. 100 ಯೂನಿಟ್ ಹಾಕಿದ್ರೆ ವಾಪಸ್ ಬರೋದು 75-80. ಓದೋಕೆ ಚೆನ್ನಾಗಿದೆ, ಆದ್ರೆ ಸುರಂಗ ಕೊರೆಯೋದು ಸಿಂಗಳೀಕಗಳ ಅಭಯಾರಣ್ಯದಲ್ಲಿ. 1964ರ ಲಿಂಗನಮಕ್ಕಿ ಡ್ಯಾಮಿನ ಹಿನ್ನೀರಲ್ಲಿ ಮನೆ ಮುಳುಗಿದವರು ಇನ್ನೂ ಹಕ್ಕುಪತ್ರಕ್ಕೆ ಅಲೀತಿದಾರೆ, ಬೆಂಗಳೂರಿನ ಸಂಜೆಗೋಸ್ಕರ ಮತ್ತೆ ನಮ್ಮ ಕಾಡೇ ಬೇಕಾ? ಪಾವಗಡದ ಸಬ್‌ಸ್ಟೇಷನ್ ಪಕ್ಕದಲ್ಲೇ ಬ್ಯಾಟರಿ ಇಡಿ, ರಾತ್ರಿ ಆ ಲೈನ್ ಹೇಗೂ ಖಾಲಿ ಇರುತ್ತೆ.

ಲೈನ್‌ಮ್ಯಾನ್ ಮಗ:
ಲೈನ್ ಖಾಲಿ ಇರೋ ಮಾತು ಒಪ್ಪಿದೆ ಮೇಡಂ, ನಾನೂ ಮೊದ್ಲು ಬ್ಯಾಟರೀನೇ ಅಂತೀನಿ. ಒಂದೇ ಅಳುಕು, ವರ್ಷ ಕಳೆದ ಹಾಗೆ ಅದರ ಕೆಪಾಸಿಟಿ ಇಳಿಯುತ್ತೆ, ಬದಲಾಯಿಸೋ ಖರ್ಚನ್ನ ಈಗ್ಲೇ ಲೆಕ್ಕಕ್ಕೆ ಹಿಡೀಬೇಕು. ಮಳೆಗಾಲದಲ್ಲಿ ಬಿಸಿಲು ಕಮ್ಮಿ ಆದ್ರೂ ಚಿತ್ರದುರ್ಗ, ಗದಗದ ಕಡೆ ಗಾಳಿ ಜೋರು, ಅದು ನಮ್ಮ ಪುಣ್ಯ. ಪಂಪ್‌ಸೆಟ್‌ಗೆ ಹಗಲೇ ತ್ರೀ ಫೇಸ್ ಕೊಟ್ಟಷ್ಟೂ ಸಂಜೆ ಭಾರ ಇಳಿಯುತ್ತೆ, ಅದಕ್ಕೆ ಬ್ಯಾಟರೀನೂ ಬೇಡ.

ವಿಜಯನಗರವಾಸಿ:
ಇಬ್ಬರಿಗೂ ಥ್ಯಾಂಕ್ಸ್, ಮಗಳಿಗೆ ಓದಿ ಹೇಳ್ದೆ. ನಮ್ಮ ಅಪಾರ್ಟ್‌ಮೆಂಟ್ ಸಂಪಿನ ಮೋಟರ್ ದಿನಾ ಸಂಜೆ ಏಳಕ್ಕೇ ಹಾಕ್ತಿದ್ವಿ, ಅದನ್ನೇ ಮಧ್ಯಾಹ್ನ ಹನ್ನೆರಡಕ್ಕೆ ಹಾಕೋಣ ಅಂದ್ಳು. ಭಾನುವಾರದ ಮೀಟಿಂಗಲ್ಲಿ ಕೇಳ್ತೀನಿ.