ಬೋರ್ಡಿಗೆ ಪದ ಬೇಕು: ಗಾಳಿ ಅಳೆಯುವ ಲೇಸರ್ ಸೆನ್ಸರ್

ಕುಂಬಳೆಯಿಂದ:
ಇಲ್ಲಿನ ಒಂದು ಶಾಲೆಯ ಗೇಟಿನ ಹತ್ತಿರ ಲೇಸರ್ ಸೆನ್ಸರ್ ಕೂರಿಸುತ್ತಿದ್ದಾರೆ. ಬೋರ್ಡು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಕನ್ನಡದ ಸಾಲಿಗೆ ಕೊಟ್ಟದ್ದು ‘ವಾಯು ಮಲಿನೀಕರಣ ಸೆನ್ಸರ್’. ಮಲಯಾಳದ್ದನ್ನೇ ಲಿಪಿ ಬದಲಿಸಿ ಇಟ್ಟಿದ್ದಾರೆ. ‘ವಾಯುಮಾಲಿನ್ಯಕಾರಕ ಸಂವೇದಕ’ ಮಕ್ಕಳ ಬಾಯಿಗೆ ಬರುವುದಿಲ್ಲ. ಚಿಕ್ಕದು ಏನಿದೆ?

ಕಾಸರಗೋಡಿನಿಂದ:
ಸಂವೇದಕ ಪಠ್ಯಪುಸ್ತಕದಲ್ಲೇ ಇದೆ. ಸಾಕು. ಇದರಲ್ಲಿ ಚರ್ಚೆ ಏನು?

ಮಂಜೇಶ್ವರದಿಂದ:
ಇದೆ ಚರ್ಚೆ. ‘ಹುಡಿಯಳಕ’ ಅನ್ನಿ. ಹಳಗನ್ನಡದ ಪುಡಿಯೇ ನಮ್ಮ ಹುಡಿ. ತುಳು, ಮಲಯಾಳ, ತಮಿಳಿನಲ್ಲಿ ಪೊಡಿ. ಮನೆಯಲ್ಲಿ ಸಾರಿನ ಹುಡಿ, ಮೆಣಸಿನ ಹುಡಿ ಅನ್ನುವವರು ಬೋರ್ಡು ಬರೆಯುವಾಗ ಮಾತ್ರ ಸಂಸ್ಕೃತ ಯಾಕೆ ಹುಡುಕಬೇಕು?

ಬದಿಯಡ್ಕದಿಂದ:
ಹುಡಿ ಆಗದು. ಮೊದಲು ಆ ಪೆಟ್ಟಿಗೆ ಏನು ಮಾಡುತ್ತದೆ ನೋಡಿ. ಒಳಗಿನ ಸಣ್ಣ ಫ್ಯಾನ್ ಗಾಳಿ ಎಳೆಯುತ್ತದೆ, ಲೇಸರ್ ಕಿರಣಕ್ಕೆ ಕಣ ಅಡ್ಡ ಬಂದಾಗ ಬೆಳಕು ಚದರುತ್ತದೆ, ಚದರಿದ ಬೆಳಕಿನಿಂದ ಕಣಗಳ ಗಾತ್ರ, ಸಂಖ್ಯೆ ಅಂದಾಜು ಮಾಡಿ ಪಿಎಂ 2.5 ಅಂಕಿ ಕೊಡುತ್ತದೆ. ಅಂದರೆ 2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣ. ಕೂದಲಿನ ದಪ್ಪವೇ ಸುಮಾರು 50ರಿಂದ 70. ಈ ಕಣಗಳಲ್ಲಿ ಸೌದೆ ಹೊಗೆ, ಡೀಸೆಲ್ ಮಸಿ, ಸಣ್ಣ ಹನಿ ಎಲ್ಲ ಸೇರುತ್ತವೆ. ಹೊಗೆಗೆ ಹುಡಿ ಅನ್ನುತ್ತೇವಾ? ‘ಮಾಲಿನ್ಯ’ವೂ ಬೇಡ. ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಈ ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ. ಅನಿಲಗಳನ್ನೂ ಲೇಸರಿನಿಂದ ಅಳೆಯಬಹುದು, ಆದರೆ ಅದಕ್ಕೆ ಆಯಾ ಅನಿಲ ಹೀರುವ ತರಂಗದ ಲೇಸರ್ ಬೇಕು. ಅದು ಬೇರೆಯೇ ಉಪಕರಣ. ‘ಲೇಸರ್ ಗಾಳಿಕಣ ಮಾಪಕ’ ಅಂತ ಬರೆಯಿರಿ.

ಮಂಜೇಶ್ವರದಿಂದ:
ಕಣ ಸಂಸ್ಕೃತ, ಮಾಪಕ ಸಂಸ್ಕೃತ, ಲೇಸರ್ ಇಂಗ್ಲಿಷ್. ಗಾಳಿ ಒಂದೇ ನಮ್ಮದು. ಇದಕ್ಕೆ ಕನ್ನಡ ಅಂತ ಹೆಸರು.

ಬದಿಯಡ್ಕದಿಂದ:
ಹೌದು, ಕನ್ನಡವೇ. ಕನ್ನಡದಲ್ಲಿ ಊರಿದ ಪದವನ್ನು ಕಿತ್ತು ಹಾಕುವ ಕೆಲಸ ನನಗೆ ಬೇಡ. ಬೇರೆ ನುಡಿಯ ಪದ ಬಾಯಿಗೆ ಬಂದರೂ ತಪ್ಪಲ್ಲ, 1956ರಿಂದ ಕೇರಳದಲ್ಲಿ ಇದ್ದೇವೆ, ಮಲಯಾಳ ದಿನಾ ಕಿವಿಗೆ ಬೀಳುತ್ತದೆ. ಆದರೆ ಮಾಲಿನ್ಯ ಅನ್ನುವ ಪದ ಇಲ್ಲಿ ಎಲ್ಲರಿಗೂ ಗೊತ್ತಿರುವಾಗ ‘ಮಲಿನೀಕರಣ’ ಬರೆದರೆ ಅದು ಸಾಲವಲ್ಲ, ಅಸಡ್ಡೆ. ನಮಗಾಗಿ ಅಂತ ಒಂದು ಸಾಲು ಹಾಕುವುದಾದರೆ ಕನ್ನಡ ಬಲ್ಲವರನ್ನು ಕೇಳಿ ಹಾಕಬೇಕು, ಅಲ್ವಾ? ಸಿಟ್ಟು ಅಲ್ಲಿ ತೋರಿಸಿ, ಕಣದ ಮೇಲೆ ಬೇಡ.

ಕುಂಬಳೆಯಿಂದ:
‘ಲೇಸರ್ ಗಾಳಿಕಣ ಮಾಪಕ’ ಕಳಿಸುತ್ತೇನೆ, ಕೆಳಗೆ ಪಿಎಂ 2.5 ಇರಲಿ. ಇನ್ನೊಂದು ಸಾಲು ಕೂಡ ನೋಡಿ ಕೊಡಿ. ತೇವ ಹೀರಿ ಕಣ ಉಬ್ಬಿದಾಗ ಇಂಥ ಸೆನ್ಸರ್ ಜಾಸ್ತಿ ತೋರಿಸುತ್ತದೆ. ‘ಮಳೆಗಾಲದಲ್ಲಿ ತೇವದಿಂದ ಅಂಕಿ ಹೆಚ್ಚು ಕಾಣಬಹುದು’ ಅಂದರೆ ಸರಿಯಾ?

ಬದಿಯಡ್ಕದಿಂದ:
ಸರಿ. ‘ಕಾಣಬಹುದು’ ತೆಗೆದು ‘ತೋರಬಹುದು’ ಮಾಡಿ.